ಐದು ಡಾಲರಿಗೆ ಹೋದ ಕೌದಿ: ಹ್ಯಾರಿಯೆಟ್ ಪವರ್ಸ್ ಜೀವನಕಥೆ



ಊರಿಂದ ಬರುವಾಗ ಅಜ್ಜಿ ಹೊಲಿದ ಕೌದಿಯನ್ನು ಸೂಟ್‌ಕೇಸಿನ ತಳದಲ್ಲಿಟ್ಟು ತಂದವರು ನಮ್ಮಲ್ಲಿ ಹಲವರಿದ್ದಾರೆ. ಹಳೇ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡು ಸೇರಿ ಆದ ಆ ಹೊದಿಕೆಯನ್ನು ನಾವು ಕಲೆ ಎಂದು ಕರೆದದ್ದು ಕಡಿಮೆ. ಅಮೆರಿಕದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಒಬ್ಬ ತಾಯಿಯ ಕೌದಿ ಇಂದು ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಇದು ಆಕೆಯ ಕಥೆ.

ಹ್ಯಾರಿಯೆಟ್ ಪವರ್ಸ್ ಹುಟ್ಟಿದ್ದು 1837ರ ಅಕ್ಟೋಬರ್ 29ರಂದು, ಜಾರ್ಜಿಯಾ ರಾಜ್ಯದ ಅಥೆನ್ಸ್ ಪಟ್ಟಣದ ಹತ್ತಿರ. 1855ರಲ್ಲಿ ಆರ್ಮ್‌ಸ್ಟೆಡ್ ಪವರ್ಸ್ ಜೊತೆ ಮದುವೆಯಾಯಿತು. ಅಂತರ್ಯುದ್ಧ ಮುಗಿದು ಬಿಡುಗಡೆ ಸಿಕ್ಕಾಗ ಆಕೆಗೆ ಇಪ್ಪತ್ತೇಳು ವರ್ಷ. 1880ರ ದಶಕದಲ್ಲಿ ಗಂಡ ಹೆಂಡತಿ ನಾಲ್ಕು ಎಕರೆ ಸ್ವಂತ ಭೂಮಿ ಮಾಡಿಕೊಂಡರು. ಮನೆಗೆಲಸ, ಹೊಲದ ಕೆಲಸದ ನಡುವೆಯೇ ಹೊಲಿಗೆ ಸಾಗುತ್ತಿತ್ತು.

1886ರಲ್ಲಿ ಅಥೆನ್ಸ್‌ನ ಹತ್ತಿ ಮೇಳದಲ್ಲಿ ಆಕೆಯ ಬೈಬಲ್ ಕ್ವಿಲ್ಟ್ ಪ್ರದರ್ಶನಕ್ಕಿತ್ತು. ಅದರಲ್ಲಿ ಹನ್ನೊಂದು ಚೌಕಗಳು. ಆಡಮ್ ಮತ್ತು ಈವ್, ಕೇನ್ ಮತ್ತು ಏಬಲ್, ಜೇಕಬನ ಕನಸಿನ ಏಣಿ, ಯೇಸುವಿನ ದೀಕ್ಷಾಸ್ನಾನ, ಕೊನೆಯ ಭೋಜನ, ಶಿಲುಬೆ ಹೀಗೆ ಒಂದೊಂದು ಚೌಕದಲ್ಲಿ ಒಂದೊಂದು ಪ್ರಸಂಗ. ಮನುಷ್ಯರು, ಪ್ರಾಣಿಗಳು, ಸೂರ್ಯ, ನಕ್ಷತ್ರ ಎಲ್ಲವನ್ನೂ ಬಟ್ಟೆಯಲ್ಲಿ ಕತ್ತರಿಸಿ, ಇನ್ನೊಂದು ಬಟ್ಟೆಯ ಮೇಲೆ ಕೂರಿಸಿ, ಕೈಯಲ್ಲೂ ಮೆಷಿನ್ನಿನಲ್ಲೂ ಹೊಲಿದಿದ್ದರು.

ಮೇಳದಲ್ಲಿ ಇದನ್ನು ಕಂಡ ಚಿತ್ರಕಲಾ ಶಿಕ್ಷಕಿ ಜೆನ್ನಿ ಸ್ಮಿತ್, ಹ್ಯಾರಿಯೆಟ್ ಮನೆ ಹುಡುಕಿಕೊಂಡು ಹೋಗಿ ಕೊಳ್ಳಲು ಕೇಳಿದರು. ಎಷ್ಟು ಕೊಟ್ಟರೂ ಮಾರುವುದಿಲ್ಲ ಎಂಬ ಉತ್ತರ ಬಂತು. ಕೆಲವು ವರ್ಷಗಳಲ್ಲಿ ಕೈ ಕಟ್ಟಿತು. ಹ್ಯಾರಿಯೆಟ್ ಕೌದಿಯನ್ನು ಹಿಟ್ಟಿನ ಚೀಲದಲ್ಲಿ ಸುತ್ತಿ, ಎತ್ತಿನ ಗಾಡಿಯಲ್ಲಿ ಮಡಿಲ ಮೇಲಿಟ್ಟುಕೊಂಡು ತಂದರು. ಕೇಳಿದ್ದು ಹತ್ತು ಡಾಲರ್, ಸಿಕ್ಕಿದ್ದು ಐದು. ಗಂಡನ ಮಾತಿನಂತೆ ಕೊಟ್ಟರು. ಆದರೆ ಕೊಡುವ ಮುಂಚೆ ಪ್ರತಿಯೊಂದು ಚೌಕದ ಅರ್ಥವನ್ನೂ ವಿವರಿಸಿದರು, ಜೆನ್ನಿ ಸ್ಮಿತ್ ಬರೆದಿಟ್ಟುಕೊಂಡರು. ಆಮೇಲೂ ಹ್ಯಾರಿಯೆಟ್ ತಮ್ಮ ಕೌದಿಯನ್ನು ನೋಡಲು ಹಲವು ಬಾರಿ ಬಂದು ಹೋದರು.

ಎರಡನೆಯ ಕೌದಿ ಈಗ ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿದೆ. 1890ರ ದಶಕದ ಈ ಕೌದಿಯ ಹದಿನೈದು ಚೌಕಗಳಲ್ಲಿ ಬೈಬಲ್ ಕಥೆಗಳ ಜೊತೆ ನಿಜವಾಗಿ ನಡೆದ ಘಟನೆಗಳೂ ಇವೆ. ಹಗಲಲ್ಲೇ ಕತ್ತಲಾದ 1780ರ ಮೇ 19, ಆಕಾಶದಿಂದ ಉಲ್ಕೆಗಳು ಮಳೆಯಂತೆ ಸುರಿದ 1833ರ ನವೆಂಬರ್ ರಾತ್ರಿ, 1895ರ ಫೆಬ್ರವರಿಯ ಕೊರೆವ ಚಳಿ. ಮೊದಲಿನ ಎರಡು ಆಕೆ ಹುಟ್ಟುವ ಮುಂಚಿನವು. ಹಿರಿಯರ ಬಾಯಿಂದ ಕೇಳಿದ್ದನ್ನು ಸೂಜಿ ದಾರದಲ್ಲಿ ಉಳಿಸಿದರು.

ಇದರ ಬೇರು ಎರಡು ಖಂಡಗಳಲ್ಲಿದೆ. ಪಶ್ಚಿಮ ಆಫ್ರಿಕಾದ ದಹೋಮಿಯಲ್ಲಿ, ಅಂದರೆ ಇಂದಿನ ಬೆನಿನ್ ದೇಶದಲ್ಲಿ, ಫಾನ್ ಜನರು ಬಟ್ಟೆ ಕತ್ತರಿಸಿ ರಾಜರ ಕಥೆಗಳನ್ನು ಹೊಲಿಯುತ್ತಿದ್ದರು. ಹ್ಯಾರಿಯೆಟ್ ಆಕೃತಿಗಳಲ್ಲಿ ಅದರ ಛಾಯೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಕ್ವಿಲ್ಟ್ ಹೊಲಿಯುವ ಪದ್ಧತಿ ಅಮೆರಿಕದ್ದು, ಕಥೆ ಚರ್ಚಿನದ್ದು.

ನಮ್ಮ ನಾಡಿನಲ್ಲೂ ಇಂಥದ್ದಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಪೂರ್ವಜರೂ ಆಫ್ರಿಕಾದವರು, ಹಲವರು ಪೋರ್ಚುಗೀಸರ ಗೋವಾ ದಾರಿಯಾಗಿ ಗುಲಾಮರಾಗಿ ಬಂದವರು. ಅವರ ಕೌದಿಗಳಲ್ಲಿ ಕ್ರೈಸ್ತರು ಶಿಲುಬೆ, ಮುಸ್ಲಿಮರು ಅರ್ಧಚಂದ್ರ ಹೊಲಿಯುವುದುಂಟು. ಹ್ಯಾರಿಯೆಟ್‌ಗೂ ಇವರಿಗೂ ಸಂಬಂಧವಿಲ್ಲ, ಆದರೂ ಚಿಂದಿಯಲ್ಲಿ ದೇವರನ್ನು ಕಂಡ ಕೈಗಳು ಎರಡೂ ಕಡೆ ಇವೆ.

ಹ್ಯಾರಿಯೆಟ್ 1910ರ ಜನವರಿ 1ರಂದು ತೀರಿಕೊಂಡರು. ಆಕೆಯ ಸಮಾಧಿ ಪತ್ತೆಯಾಗಿದ್ದೇ 2005ರಲ್ಲಿ. ಆಕೆಗೆ ಓದು ಬರಹ ಬರುತ್ತಿರಲಿಲ್ಲ ಎಂದೇ ಬಹಳ ಕಾಲ ಬರೆಯಲಾಗಿತ್ತು. ಆಕೆಯ 1896ರ ಪತ್ರವೊಂದನ್ನು ಕೈರಾ ಹಿಕ್ಸ್ 2009ರ ಪುಸ್ತಕದಲ್ಲಿ ಬೆಳಕಿಗೆ ತಂದಾಗ ಆ ಮಾತು ಸುಳ್ಳಾಯಿತು. ಇನ್ನೂ ಕೆಲವು ಕೌದಿಗಳನ್ನು ಹೊಲಿದಿದ್ದರೆಂದೂ ಅದರಿಂದ ತಿಳಿಯಿತು. ಉಳಿದಿರುವುದು ಎರಡೇ. 2021ರಲ್ಲಿ ಬಾಸ್ಟನ್ನಿನಲ್ಲಿ ಅವೆರಡೂ ಮೊದಲ ಬಾರಿಗೆ ಒಟ್ಟಿಗೆ ಪ್ರದರ್ಶನಗೊಂಡವು.

ಕೌದಿ ಕೈಬಿಟ್ಟರೂ ಅದರ ಅರ್ಥವನ್ನು ಹ್ಯಾರಿಯೆಟ್ ಕೈಬಿಡಲಿಲ್ಲ. ಹೇಳಿ ಬರೆಸಿದ್ದರಿಂದಲೇ ಆ ಚೌಕಗಳು ಇಂದು ನಮ್ಮೊಡನೆ ಮಾತಾಡುತ್ತವೆ. ಈ ವಾರ ಊರಿಗೆ ಫೋನ್ ಮಾಡಿದಾಗ, ನಿಮ್ಮ ಮನೆಯ ಕೌದಿಯಲ್ಲಿ ಯಾವ ತುಂಡು ಯಾರ ಸೀರೆಯದು ಎಂದು ಅಜ್ಜಿಯನ್ನು ಕೇಳಿ. ಮಕ್ಕಳ ಕೈಯಲ್ಲಿ ಬರೆಸಿಡಿ. ಕೇಳಲು ಅಜ್ಜಿ ಇಲ್ಲದಿದ್ದರೆ ಅಮ್ಮನನ್ನಾದರೂ ಕೇಳಿ.