ಆಸನಕ್ಕಾಗಿ ಸೈಕಲ್ ಕಟ್ಟಿದ ಪೆಡರ್ಸನ್

ಮೊದಲು ಚೌಕಟ್ಟು, ಅನಂತರ ಅದರ ಮೇಲೊಂದು ಆಸನ. ಸೈಕಲ್ ತಯಾರಿಕೆಯಲ್ಲಿ ಇದೇ ವಾಡಿಕೆ. ಮಿಕೇಲ್ ಪೆಡರ್ಸನ್ ಈ ಕ್ರಮವನ್ನೇ ತಲೆಕೆಳಗು ಮಾಡಿದರು. ಗಟ್ಟಿ ಚರ್ಮದ ಆಸನದ ಮೇಲೆ ಕುಳಿತು ದೂರ ಸಾಗುವ ಯಾತನೆಯಿಂದ ಬೇಸತ್ತ ಅವರು ಮೊದಲು ಹುರಿಯಿಂದ ತೂಗುಮಂಚದಂತಹ ಆಸನವನ್ನು ಹೆಣೆದರು. ಬಳಿಕ ಅದನ್ನು ತೂಗುಹಾಕಲೆಂದೇ ಒಂದು ಸೈಕಲ್ಲನ್ನು ರೂಪಿಸಿದರು.

ಪೆಡರ್ಸನ್ ಜನಿಸಿದ್ದು 1855ರಲ್ಲಿ, ಡೆನ್ಮಾರ್ಕಿನ ರೋಸ್ಕಿಲ್ಡ್ ಸಮೀಪದ ಹಳ್ಳಿಯಲ್ಲಿ. ಕೃಷಿ ಯಂತ್ರಗಳು ಅವರ ಮೊದಲ ಒಲವು. ಹಾಲನ್ನು ವೇಗವಾಗಿ ತಿರುಗಿಸಿ ಕೆನೆಯನ್ನು ಬೇರ್ಪಡಿಸುವ ಅವರ ಯಂತ್ರ ಇಂಗ್ಲೆಂಡಿನ ಲಿಸ್ಟರ್ ಕಂಪೆನಿಗೆ ಹೆಸರು ತಂದಿತು. ಆ ನಂಟಿನಿಂದಲೇ 1893ರಲ್ಲಿ ಅವರು ಗ್ಲಾಸ್ಟರ್‌ಶೈರಿನ ಡರ್ಸ್ಲಿ ಪಟ್ಟಣಕ್ಕೆ ಬಂದು ನೆಲೆಸಿದರು. ಸಂಗೀತಪ್ರಿಯರಾಗಿದ್ದ ಅವರು ಊರಿನವರಿಗೆ ಬೇಗನೆ ಹತ್ತಿರವಾದರು.

ಅದೇ ವರ್ಷ ಅವರು ಸೈಕಲ್ಲಿನ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಮೊದಲ ಮಾದರಿಯ ಚೌಕಟ್ಟು ಮರದ್ದು. ಮುಂದೆ ಅದು ತೆಳುವಾದ ಉಕ್ಕಿನ ಕೊಳವೆಗಳಿಗೆ ಬದಲಾಯಿತು. ಸೇತುವೆಯ ತೊಲೆಕಟ್ಟಿನಂತೆ ಕೊಳವೆಗಳನ್ನು ತ್ರಿಕೋನಗಳಾಗಿ ಜೋಡಿಸಿದ್ದರಿಂದ ಪ್ರತಿ ಕೊಳವೆಯೂ ಬಾಗದೆ ಭಾರವನ್ನು ಉದ್ದಕ್ಕೆ ಹೊರುತ್ತಿತ್ತು. ಚೌಕಟ್ಟು ಹಗುರವಾಯಿತು, ಗಟ್ಟಿಯೂ ಆಯಿತು. ಆದರೆ ಆಸನವನ್ನು ಬೇಕಾದಂತೆ ಏರಿಸಿ ಇಳಿಸುವುದು ಸುಲಭವಿರಲಿಲ್ಲ. ಹಾಗಾಗಿ ಸವಾರರ ಎತ್ತರಕ್ಕೆ ತಕ್ಕಂತೆ ಹಲವು ಅಳತೆಗಳಲ್ಲಿ ಸೈಕಲ್ ತಯಾರಿಸಬೇಕಾಯಿತು.

1903ರ ವೇಳೆಗೆ ಮೂರು ವೇಗಗಳ ಗೇರ್ ಬಂತು. ಇದು ಹಿಂಬದಿ ಚಕ್ರದ ಗುಂಭದೊಳಗೇ ಅಡಗಿದ ಉಪದಂಡದ ಮೂಲಕ ಕೆಲಸ ಮಾಡುತ್ತಿತ್ತು. ಕಲ್ಪನೆ ಜಾಣತನದ್ದೇ. ಆದರೆ ಅದೇ ಕಾಲಕ್ಕೆ ಮಾರುಕಟ್ಟೆಗೆ ಬಂದ ಸ್ಟರ್ಮಿ ಆರ್ಚರ್ ಕಂಪೆನಿಯ ಗೇರ್, ನಡುವಣ ಹಲ್ಲುಗಾಲಿಯ ಸುತ್ತ ಸಣ್ಣ ಗಾಲಿಗಳು ತಿರುಗುವ ಬೇರೆ ತತ್ವವನ್ನು ಅನುಸರಿಸಿತ್ತು. ಜನ ಒಪ್ಪಿಕೊಂಡದ್ದು ಅದನ್ನೇ.

ಪೆಡರ್ಸನ್ ಯಂತ್ರ ಬಲ್ಲವರು, ವ್ಯಾಪಾರ ಬಲ್ಲವರಲ್ಲ. 1905ರಲ್ಲಿ ಸೈಕಲ್ ತಯಾರಿಕೆ ಲಿಸ್ಟರ್ ಕಂಪೆನಿಯ ಪಾಲಾಯಿತು. ಮೊದಲ ಮಹಾಯುದ್ಧದ ದಿನಗಳಲ್ಲಿ ಅದೂ ನಿಂತಿತು. ಒಟ್ಟು ತಯಾರಾದದ್ದು ಸುಮಾರು 8,000 ಸೈಕಲ್‌ಗಳು ಮಾತ್ರ. ಮುಂದೆ ಡರ್ಸ್ಲಿ ತೊರೆದ ಪೆಡರ್ಸನ್ ಕೈ ಬರಿದಾಗಿ ತಾಯ್ನಾಡಿಗೆ ಮರಳಿದರು. 1929ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕೊನೆಯುಸಿರೆಳೆದ ಅವರ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ.

ಸೈಕಲ್ ಮಾತ್ರ ಮತ್ತೆ ಹುಟ್ಟಿತು. 1978ರಲ್ಲಿ ಕೋಪನ್‌ಹೇಗನ್ನಿನ ಕ್ರಿಶ್ಚಿಯಾನಿಯಾದ ಕಮ್ಮಾರರೊಬ್ಬರು ಅದೇ ಮಾದರಿಯನ್ನು ಮತ್ತೆ ಕಟ್ಟಲಾರಂಭಿಸಿದರು. ಹೊಸ ಪೀಳಿಗೆಯ ಪೆಡರ್ಸನ್ ಸೈಕಲ್‌ಗಳಿಗೆ ಆಧುನಿಕ ಗೇರ್ ಮತ್ತು ಡಿಸ್ಕ್ ಬ್ರೇಕ್ ಬಂದಿವೆ. ತ್ರಿಕೋನಗಳ ಚೌಕಟ್ಟು ಮತ್ತು ತೂಗುವ ಆಸನ ಹಾಗೆಯೇ ಉಳಿದಿವೆ.

1995ರಲ್ಲಿ ಪೆಡರ್ಸನ್ ಅವರ ಅವಶೇಷಗಳನ್ನು ಡರ್ಸ್ಲಿಗೆ ತಂದು ಗೌರವಪೂರ್ವಕವಾಗಿ ಮಣ್ಣು ಮಾಡಲಾಯಿತು. ಅವರ ಸೈಕಲ್ಲಿಗೆ ತನ್ನ ಹೆಸರು ಕೊಟ್ಟ ಊರು, 66 ವರ್ಷಗಳ ಬಳಿಕ ಅವರಿಗೆ ಸಮಾಧಿಯನ್ನೂ ಕೊಟ್ಟಿತು.