ಪಂಡಿತಾ ರಮಾಬಾಯಿಯ ನೂತನ ಜನ್ಮ

ಪಂಡಿತಾ ರಮಾಬಾಯಿಯು 1858ನೆಯ ಇಸವಿಯಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಹುಟ್ಟಿದಳು. ತಾಯಿಯೇ ಆಕೆಗೆ ಸಂಸ್ಕೃತವನ್ನು ಕಲಿಸಿ ಪುರಾಣಗಳನ್ನು ಬಾಯಿಪಾಠ ಮಾಡಿಸಿದಳು. ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಅಣ್ಣನೊಡನೆ ಕಾಲ್ನಡೆಯಾಗಿ ದೇಶವನ್ನು ಸುತ್ತಿ, 1878ರಲ್ಲಿ ಕಲ್ಕತ್ತೆಯನ್ನು ಸೇರಿದಳು. ಅಲ್ಲಿಯ ವಿದ್ವಾಂಸರು ಆಕೆಗೆ ಸರಸ್ವತಿಯೆಂಬ ಬಿರುದನ್ನಿತ್ತರು.

ವಿವಾಹವಾದ ಮೇಲೆ ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯು ಆಕೆಯ ಕೈಗೆ ಸಿಕ್ಕಿತು. 1882ರಲ್ಲಿ ವಿಧವೆಯಾದ ಆಕೆಯು ಮರುವರುಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದಳು. ಸಭೆಯಲ್ಲಿ ಸೇರಿದರೂ ಹೃದಯಕ್ಕೆ ಸಮಾಧಾನವಿರಲಿಲ್ಲ. ಸುಮಾರು ಎಂಟು ವರುಷಗಳ ತರುವಾಯ, ತಾನು ಕ್ರೈಸ್ತಮತವನ್ನು ಅಂಗೀಕರಿಸಿದ್ದರೂ ಕ್ರಿಸ್ತನನ್ನೇ ಇನ್ನೂ ಹೊಂದಲಿಲ್ಲವೆಂದು ಆಕೆಗೆ ತಿಳಿದುಬಂತು. ವಿದ್ಯೆಯೂ ಸತ್ಕ್ರಿಯೆಯೂ ರಕ್ಷಿಸಲಾರವೆಂದರಿತು, ವೇದವಾಕ್ಯವನ್ನು ನಂಬಿ, ತನ್ನನ್ನು ಆತನಿಗೆ ಒಪ್ಪಿಸಿಕೊಟ್ಟಳು.

ಆ ವಾಕ್ಯವು ಹೆಚ್ಚು ಓದು ಬಾರದ ಸ್ತ್ರೀಯರಿಗೂ ತಿಳಿಯಬೇಕೆಂದು, ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ಕೇಡಗಾಂವಿನ ಮುಕ್ತಿ ಸದನದಲ್ಲಿದ್ದು ಸತ್ಯವೇದವನ್ನು ಸುಲಭವಾದ ಮರಾಠಿಗೆ ತಿರುಗಿಸಿದಳು. ಬಹು ವರುಷಗಳ ಆ ಕೆಲಸವನ್ನು ಮುಗಿಸಿ 1922ರಲ್ಲಿ ಕರ್ತನಲ್ಲಿ ನಿದ್ರೆಹೋದಳು.

ಸಭೆಯ ಪಟ್ಟಿಯಲ್ಲಿ ಹೆಸರುಳ್ಳ ನಾವು ಹೊಸದಾಗಿ ಹುಟ್ಟಿದವರೋ? ಸತ್ಯವೇದವನ್ನು ತೆರೆದು, ಓದಲಾರದವರು ಓದಿಸಿ ಕೇಳಿ, ನಮ್ಮನ್ನು ನಾವೇ ಶೋಧಿಸಿಕೊಳ್ಳೋಣ.