ಕೈಯಲ್ಲಿ ಖಡ್ಗ, ಕಟ್ಟಿದ್ದು ಕೆರೆ

ಬೆಂಗಳೂರು ವಿಮಾನ ನಿಲ್ದಾಣದ ಆವರಣದಲ್ಲಿ ನಾಡಪ್ರಭು ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಮೂರ್ತಿ ಇದೆ. ಶಿಲ್ಪಿ ರಾಮ್ ಸುತಾರ್. 2022ರ ನವೆಂಬರ್ 11ರಂದು ಅನಾವರಣವಾಯಿತು. ಕೈಯಲ್ಲಿರುವ ಖಡ್ಗದ ತೂಕವೇ 4 ಟನ್. ಗದಗಿನ ಭೀಷ್ಮ ಕೆರೆಯ ಬಸವಣ್ಣನನ್ನು ನೋಡುತ್ತ ಬೆಳೆದ ಬೆಟಗೇರಿಯ ನಮಗೆ ಎತ್ತರ ಹೊಸದೇನಲ್ಲ. ಆದರೆ ಆ ಖಡ್ಗ ನೋಡಿದವರು, ಇವರು ಯುದ್ಧ ಗೆದ್ದು ಊರು ಕಟ್ಟಿದವರು ಅಂದುಕೊಳ್ಳಬಹುದು.

ಕೆಂಪೇಗೌಡರು ವಿಜಯನಗರದ ಅಧೀನದಲ್ಲಿದ್ದ ಯಲಹಂಕದ ಪಾಳೆಯಗಾರರು. ಹೊಸ ಊರು ಕಟ್ಟಲು ಚಕ್ರವರ್ತಿ ಅಚ್ಯುತರಾಯನ ಅನುಮತಿ ಪಡೆದರು. 1537ರಲ್ಲಿ ಮಣ್ಣಿನ ಕೋಟೆ ಎದ್ದಿತು. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳ ಗೆರೆ ಎಳೆಸಿದರು ಎಂದು ಜನ ಹೇಳುತ್ತಾರೆ. ಸರ್ವೇ ಕಲಿಯುವ ಸಿವಿಲ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕಥೆ ಸಿಗಲಿಕ್ಕಿಲ್ಲ! ಹತ್ತಿಗೆ ಅರಳೆಪೇಟೆ, ದವಸಕ್ಕೆ ತರಗುಪೇಟೆ, ಬಳೆಗೆ ಬಳೇಪೇಟೆ. ಹೀಗೆ ಕಸುಬಿಗೊಂದು ಬೀದಿ. ಕೆಲಸಗಾರನಿಗೆ ಜಾಗ ಕೊಟ್ಟರೆ ಊರು ತಾನೇ ಬೆಳೆಯುತ್ತದೆ ಎಂಬ ಲೆಕ್ಕ ಅವರದ್ದಿರಬೇಕು. ಹತ್ತಿರದಲ್ಲಿ ದೊಡ್ಡ ನದಿ ಇಲ್ಲದ ಊರಿಗೆ ನೀರು? ಅದಕ್ಕೆ ಕೆರೆಗಳು. ಧರ್ಮಾಂಬುಧಿ, ಕೆಂಪಾಂಬುಧಿ ಆಗಿನವೇ. ಇಂದು ನಾವು ಇಂಟರ್‌ವ್ಯೂಗೆಂದು ಫೈಲ್ ಹಿಡಿದು ಇಳಿಯುವ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಆ ಧರ್ಮಾಂಬುಧಿಯ ಅಂಗಳದಲ್ಲಿ.

ಊರು ಬೆಳೆಯಿತು, ವ್ಯಾಪಾರ ಹೆಚ್ಚಿತು. ಗೌಡರು ಭೈರವನ ಹೆಸರಿನಲ್ಲಿ ಸ್ವಂತ ನಾಣ್ಯ ಹೊರಡಿಸಿದರು. ನಾಣ್ಯ ಟಂಕಿಸುವ ಹಕ್ಕು ಸಾಮಂತರಿಗೆ ಇರಲಿಲ್ಲ. ದೂರು ಅಳಿಯ ರಾಮರಾಯನಿಗೆ ಹೋಯಿತು. ಗೌಡರನ್ನು ಕರೆಸಿ ಆನೆಗೊಂದಿಯಲ್ಲಿ ಸೆರೆಯಲ್ಲಿಟ್ಟರು, ಸೀಮೆಯನ್ನು ಮುಟ್ಟುಗೋಲು ಹಾಕಿದರು. ನಮ್ಮ ಗದಗಿನಿಂದ ಕೊಪ್ಪಳ ದಾಟಿ ಗಂಗಾವತಿ ಕಡೆ ಹೋದರೆ ಸಿಗುವ ಅದೇ ಆನೆಗೊಂದಿ. ಸುಮಾರು 5 ವರ್ಷ ಅಲ್ಲಿ ಕಳೆದವು. ಶಾಲೆಯ ಪಾಠದಲ್ಲಿ ಈ 5 ವರ್ಷ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನನಗೆ ಮಾತ್ರ ಅವರ ಬದುಕಿನಲ್ಲಿ ಹೆಚ್ಚು ಕಾಡುವುದು ಇದೇ. ತಾನು ಕಟ್ಟಿದ ಊರು ತನ್ನದಲ್ಲ, ಮತ್ತೆ ನೋಡುತ್ತೇನೋ ಇಲ್ಲವೋ ಗೊತ್ತಿಲ್ಲ.

ಕೊನೆಗೆ ದೊಡ್ಡ ದಂಡ ತೆತ್ತು ಬಿಡುಗಡೆಯಾದರು. ಸೀಮೆ ಮರಳಿ ಸಿಕ್ಕಿತು. ಸೋತವರು ಮನೆಯಲ್ಲಿ ಕೂರಲಿಲ್ಲ, ಮತ್ತೆ ಆಡಳಿತ ಹಿಡಿದರು. 1569ರಲ್ಲಿ ತೀರಿಕೊಂಡರು.

ಅವರ ಸಮಾಧಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆ. ಅದು ಅವರದೆಂದು ಎಲ್ಲರಿಗೂ ತಿಳಿದದ್ದು 2015ರಲ್ಲಿ. ಅಲ್ಲಿರುವುದು ಒಂದು ಚಿಕ್ಕ ಕಲ್ಲಿನ ಗೋಪುರ.